ಎಲ್ಲರೂ ಓನರೇ

"ಏನೇ ಸರೋಜಾ, ಭಾನುವಾರನೂ ಮುಖ ಇಷ್ಟು ಸಪ್ಪೆ?"

"ಅಂಗಡಿ ತಲೆನೋವು ವಿಮಲಕ್ಕ. ಹೋದ ತಿಂಗಳಿನ ಒಂದು ಬಿಲ್ಲಲ್ಲಿ ಯಾರೋ ರೇಟು ಇಳಿಸಿದ್ದಾರೆ. ಟ್ಯಾಲಿಯಲ್ಲಿ ಎಡಿಟ್ ಲಾಗ್ ತೆಗೆದ್ರೆ, ತಿದ್ದಿದ್ದು ಯಜಮಾನರೇ ಅಂತ ತೋರಿಸುತ್ತೆ!"

"ತಮ್ಮ ದುಡ್ಡು ತಾವೇ ಕದ್ದರಾ?"

"ಪಾಪ, ಅವರು ಕೀಬೋರ್ಡ್ ಮುಟ್ಟಿದವರೇ ಅಲ್ಲ. ಓನರ್ ಪಾಸ್‌ವರ್ಡ್ ಬರೆದು ಮಾನಿಟರಿಗೇ ಅಂಟಿಸಿದ್ದಾರೆ. ಬಿಲ್ ಹಾಕೋ ಹುಡುಗ, ಗೋಡೌನ್ ರೈಟರು, ನಾನು, ಒಳಗೆ ಹೋದಮೇಲೆ ಎಲ್ಲರೂ ಓನರೇ."

"ನಿಮ್ಮದು ಪ್ರೈವೇಟ್ ಲಿಮಿಟೆಡ್ ಅಲ್ವೇನೆ? 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದಲ್ಲಿ ಏನು ತಿದ್ದಿದ್ರೂ ದಾಖಲಾಗಲೇಬೇಕು. ಹೆಸರೇ ಸುಳ್ಳಾದ್ರೆ ದಾಖಲೆ ಇದ್ದೇನು ಬಂತು?"

"ನಾನೂ ಹೇಳಿದೆ. 'ಎಲ್ಲ ಮನೆಯವರ ಹಾಗಿದ್ದಾರೆ, ಅನುಮಾನ ಪಡೋದಾ' ಅಂದ್ರು."

"ಈಗ ಎಲ್ಲರ ಮೇಲೂ ಅನುಮಾನ ಬಂತಲ್ಲ. ನಿನ್ನ ಮೇಲೂ. ನಿಂದೇ ಒಂದು ಲಾಗಿನ್ ಇದ್ದಿದ್ರೆ, ನಾನಲ್ಲ ಅಂತ ಎದೆ ತಟ್ಟಿ ಹೇಳ್ತಿದ್ದೆ. ನಮ್ಮ ಬ್ಯಾಂಕಲ್ಲಿ ಎಂಟ್ರಿ ಹಾಕೋರು ಒಬ್ಬರು, ಪಾಸ್ ಮಾಡೋರು ಇನ್ನೊಬ್ಬರು. ಅವರು ಊಟಕ್ಕೆ ಎದ್ದರೆ ಕೌಂಟರಲ್ಲಿ ಗಿರಾಕಿ ಬೈಗುಳ. ಆದ್ರೂ ಪಾಸ್‌ವರ್ಡ್ ಕೊಡ್ತಿರಲಿಲ್ಲ."

"ಯಾರೂ?"

"...ಕೆಲವರು ಕೊಡ್ತಿದ್ರು ಬಿಡು. ಆದ್ರೆ ಬೇರಿಂಗ್ಸ್ ಕಥೆ ಕೇಳು. 1762ರಲ್ಲಿ ಶುರುವಾದ ಲಂಡನ್ನಿನ ಬ್ಯಾಂಕು. ಸಿಂಗಪುರದಲ್ಲಿ ನಿಕ್ ಲೀಸನ್ ಅಂತ ಒಬ್ಬ. ವ್ಯಾಪಾರ ಮಾಡೋನೂ ಅವನೇ, ಅದರ ಲೆಕ್ಕ ನೋಡೋ ವಿಭಾಗಾನೂ ಅವನ ಕೈಕೆಳಗೇ. ನಷ್ಟ ಆದಾಗೆಲ್ಲ 88888 ಅನ್ನೋ ಖಾತೇಲಿ ಬಚ್ಚಿಟ್ಟ. 82 ಕೋಟಿ ಪೌಂಡಿಗೂ ಹೆಚ್ಚು! 1995ರಲ್ಲಿ ಬ್ಯಾಂಕೇ ಮುಳುಗಿತು."

"ಅಯ್ಯೋ, ನಮ್ಮದು ಹಾರ್ಡ್‌ವೇರ್ ಅಂಗಡಿ ಅಕ್ಕ!"

"ಇರಲಿ. ಟ್ಯಾಲಿ ನಮ್ಮ ಬೆಂಗಳೂರಿನವರದೇ, ಅದರಲ್ಲೇ ಎಲ್ಲ ಇದೆ. ಹುಡುಗನಿಗೆ ಬಿಲ್ ಹಾಕೋದಷ್ಟೇ ಬಿಡು, ಹಾಕಿದ್ದನ್ನ ತಿದ್ದೋದು, ಅಳಿಸೋದು ಬೇಡ. ಹಿಂದಿನ ತಾರೀಕಿನ ವೋಚರು ಎಷ್ಟು ದಿನದ ತನಕ ಅನ್ನೋದಕ್ಕೂ ಮಿತಿ ಹಾಕಬಹುದು. ಅಂದಹಾಗೆ, ಎದುರಂಗಡಿ ಸೇರಿದನಲ್ಲ ನಿಮ್ಮ ಸೇಲ್ಸ್‌ನವನು, ಅವನು ಹೋದಮೇಲೆ ಪಾಸ್‌ವರ್ಡ್ ಬದಲಾಯಿಸಿದ್ರಾ?"

"ಅಕ್ಕ, ಅವನಿಗೆ ಮನೆಯಿಂದಲೇ ನೋಡೋ ಹಾಗೂ ಮಾಡಿಕೊಟ್ಟಿದ್ವಿ!"

"ಭಲೇ! ನಿಮ್ಮ ರೇಟು ನಿಮಗಿಂತ ಮುಂಚೆ ಅವರಿಗೆ ಗೊತ್ತಾಗುತ್ತೆ. ನಾಳೆ ಬೆಳಿಗ್ಗೆ ಮೊದಲು ಅದನ್ನ ಮುಚ್ಚು. ಓನರ್ ಪಾಸ್‌ವರ್ಡೂ ಹೊಸದು ಮಾಡಿ ಯಜಮಾನರ ಕೈಗೆ ಮಾತ್ರ ಕೊಡು."

"ಕೊಡ್ತೀನಿ. 'ಸರೋಜಮ್ಮಾ, ಸ್ವಲ್ಪ ನೀವೇ ಟೈಪ್ ಮಾಡಿ' ಅಂತ ಕರೀತಾರೆ ನೋಡ್ತಿರಿ."