ಆಡುವವನೇ ಒಡೆಯ (ಷರತ್ತುಗಳು ಅನ್ವಯ)

ಕೇರಂ ಬೋರ್ಡಿಗೆ ಶೇಕಡ 5 ತೆರಿಗೆ, ವಿಡಿಯೊ ಗೇಮ್ ಪೆಟ್ಟಿಗೆಗೆ ಶೇಕಡ 18. 2025ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ದರಗಳನ್ನು ಜಾಲಾಡಿದ ದೆಹಲಿಯ ದೊಡ್ಡವರು ಚೆಸ್ಸು, ಕೇರಂ, ಲೂಡೊಗಳ ಮೇಲೆ ಕನಿಕರ ತೋರಿ 12ರಿಂದ 5ಕ್ಕೆ ಇಳಿಸಿದರು. ಇಸ್ಪೀಟಿಗೂ ಇಳಿಸಿದರು, ನೆನಪಿರಲಿ. ಅರಳಿಕಟ್ಟೆಯ ಮೇಲೆ ಅಂದರ್ ಬಾಹರ್ ಆಡುವವನಿಗೆ ಸರ್ಕಾರದ ಸಹಾನುಭೂತಿ ಉಂಟು. ಮನೆಯ ಮೂಲೆಯಲ್ಲಿ ಕೂತು ಟಿವಿಯೊಳಗಿನ ಕಾರು ಓಡಿಸುವ ಹುಡುಗನಿಗೆ ಇಲ್ಲ. ಅದೇ ಸಾಲಿನಲ್ಲಿ ‘ವಿಡಿಯೊ ಗೇಮ್ ಪೆಟ್ಟಿಗೆ ಬಿಟ್ಟು’ ಎಂದು ಸೇರಿಸಿ, ಅದನ್ನು ಪಂಕ್ತಿಯಿಂದ ಎಬ್ಬಿಸಿ ಕಳಿಸಿದ್ದಾರೆ. ಮೊದಲು 28 ಇತ್ತು, 2019ರ ಜನವರಿಯಿಂದ 18 ಆಗಿದೆ, ಅಷ್ಟಕ್ಕೇ ಕೈಮುಗಿದು ಸುಮ್ಮನಿರಿ ಎಂದರ್ಥ.

ಆದರೆ ಕೇರಂ ಬೋರ್ಡಿನ ದೊಡ್ಡಸ್ತಿಕೆ ಇರುವುದು ತೆರಿಗೆಯಲ್ಲಲ್ಲ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಕೊಂಡ ಬೋರ್ಡನ್ನು ನೀವು ಶಿಡ್ಲಘಟ್ಟದ ಭಾವಮೈದುನನಿಗೆ ಆಡಲು ಕೊಡಬಹುದು. ಅವನು ಅದನ್ನು ಹಿಂದಿರುಗಿಸದೇ ಇರಬಹುದು. ಆ ಸಿಟ್ಟಿಗೆ ನೀವು ಅವನ ಮನೆಯ ಗೃಹಪ್ರವೇಶಕ್ಕೆ ಹೋಗದೇ ಇರಬಹುದು. ಇವೆಲ್ಲ ಒಡೆತನ ತಂದುಕೊಡುವ ಸುಖಗಳು. ಬೋರ್ಡು ತಯಾರಿಸಿದವನು ನಡುರಾತ್ರಿ ಬಂದು ನಾಲ್ಕು ಮೂಲೆಯ ತೂತುಗಳನ್ನು ಮುಚ್ಚಿಕೊಂಡು ಹೋದ ಪ್ರಸಂಗ ಈ ಜಿಲ್ಲೆಯಲ್ಲಿ ಇದುವರೆಗೆ ವರದಿಯಾಗಿಲ್ಲ.

ಈಗ ಸೋನಿ ಕಂಪನಿಯ ಪ್ಲೇಸ್ಟೇಷನ್ 5 ನೋಡಿ. ಹೊರಗಿನವರಿಗೆ 2020ರ ನವೆಂಬರಿನಲ್ಲೇ ಸಿಕ್ಕಿದ್ದು ನಮ್ಮ ದೇಶಕ್ಕೆ 2021ರ ಫೆಬ್ರುವರಿ 2ಕ್ಕೆ ಕಾಲಿಟ್ಟಿತು. ಡಿಸ್ಕ್ ನುಂಗುವ ಪೆಟ್ಟಿಗೆಗೆ 49,990 ರೂಪಾಯಿ, ಡಿಸ್ಕಿಗೆ ಬಾಯಿಯೇ ಇಲ್ಲದ್ದಕ್ಕೆ 39,990. ಇಂಥ ಯಂತ್ರಗಳು ಹಿಂದೆಲ್ಲ ವಯಸ್ಸಾದಂತೆ ಅಗ್ಗವಾಗುತ್ತಿದ್ದವು. ಇದು ಎರಡು ವರ್ಷ ತುಂಬುವ ಮೊದಲೇ, 2022ರ ನವೆಂಬರಿನಲ್ಲಿ, ಐದು ಸಾವಿರ ಏರಿ ಕೂತಿತು. ಚಿಂತಾಮಣಿ ಮಾರುಕಟ್ಟೆಯ ಟೊಮೆಟೊಗಾದರೂ ಹಳತಾದರೆ ಬೆಲೆ ಇಳಿಸಿಕೊಳ್ಳುವ ಸಂಕೋಚ ಇದೆ.

ಬಾಯಿಲ್ಲದ ಪೆಟ್ಟಿಗೆ ಬಂದಾಗ ಹತ್ತು ಸಾವಿರ ಅಗ್ಗವಾಗಿತ್ತು. ಅಪ್ಪಂದಿರು ಬೀಳುವುದು ಇಲ್ಲಿಯೇ. ಆಡುವುದು ಅದೇ ಆಟ, ಮೂತಿಗೆ ಹತ್ತು ಸಾವಿರ ಯಾಕೆ ದಂಡ ಎಂದು ಯೋಚಿಸುತ್ತಾರೆ. ಹೆಣ್ಣು ನೋಡುವಾಗ, ಗಂಡು ನೋಡುವಾಗ, ಗದ್ದೆ ನೋಡುವಾಗ ಇಲ್ಲದ ಚುರುಕು ಲೆಕ್ಕ ಇಲ್ಲಿ ಬಂದುಬಿಡುತ್ತದೆ. ಮನೆಗೆ ತಂದ ಮೇಲೆ ಗೊತ್ತಾಗುತ್ತದೆ: ಆ ಕಂಪನಿಯದೇ ದೊಡ್ಡ ಆಟ ಒಂದಕ್ಕೆ 4,999 ರೂಪಾಯಿ. ಉಳಿಸಿದ ಹತ್ತು ಸಾವಿರ ಎರಡು ಆಟಕ್ಕೆ ಮುಗಿಯಿತು. ಮೂರನೆಯದಕ್ಕೆ ಅಮ್ಮನ ಚೀಟಿ ದುಡ್ಡು.

ನಮ್ಮ ಕಡೆ ಆಟಗಳು ಹೇಗೆ ಹರಿದಾಡುತ್ತಿದ್ದವು ಎಂಬುದನ್ನು ಈ ಕಂಪನಿಗಳಿಗೆ ಯಾರಾದರೂ ಕೂರಿಸಿಕೊಂಡು ಹೇಳಬೇಕು. ತೊಂಬತ್ತರ ದಶಕದಲ್ಲಿ ‘ಟಿವಿ ಗೇಮ್’ ಅಂತ ಒಂದಿತ್ತು. ಜಪಾನಿನ ನಿಂಟೆಂಡೊ ಪೆಟ್ಟಿಗೆಯ ದತ್ತುಮಕ್ಕಳು, ದಾಯಾದಿಗಳು, ಅಪ್ಪ ಯಾರೆಂದು ಗೊತ್ತಿಲ್ಲದವರು ಎಲ್ಲ ಸೇರಿ ಲಿಟಲ್ ಮಾಸ್ಟರ್, ಮೀಡಿಯಾ, ಸಮುರಾಯ್ ಎಂಬ ಹೆಸರುಗಳಲ್ಲಿ ಬರುತ್ತಿದ್ದರು. ಹಳದಿ ಕ್ಯಾಸೆಟ್ಟಿನ ಮೇಲೆ ‘9999999 ಆಟಗಳು’ ಎಂದು ಬರೆದಿರುತ್ತಿತ್ತು. ಒಳಗೆ ಮಾರಿಯೊ, ಕಾಂಟ್ರಾ, ಟ್ಯಾಂಕು, ಬಾತುಕೋಳಿ ಬೇಟೆ. ಉಳಿದ ತೊಂಬತ್ತೊಂಬತ್ತು ಲಕ್ಷ ಚಿಲ್ಲರೆ ಅವುಗಳದೇ ಪುನರ್ಜನ್ಮ. ಶುದ್ಧ ಮೋಸ, ಒಪ್ಪುತ್ತೇನೆ. ಆದರೆ ಆ ಮೋಸಕ್ಕೆ ನೀವೇ ಮಾಲೀಕರು. ಓಡದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂದರೆ ಓಡುತ್ತಿತ್ತು. ಇವತ್ತಿನ ಸರ್ವರಿಗೆ ಉಫ್ ಅನ್ನಲು ಬಾಯಿ ಎಲ್ಲಿದೆ?

ಡಿಸ್ಕಿನ ಕಾಲಕ್ಕೂ ಈ ಸಂಪ್ರದಾಯ ಹರಿದುಬಂತು. ಲೆಕ್ಕ ಕೇಳಿ. ಚಿಕ್ಕಬಳ್ಳಾಪುರದ ಹುಡುಗನೊಬ್ಬ 4,999ಕ್ಕೆ ಡಿಸ್ಕು ಕೊಂಡ ಅನ್ನಿ. ಪರೀಕ್ಷೆಗೆ ಓದಬೇಕಾದ ತಿಂಗಳಲ್ಲಿ ಶ್ರದ್ಧೆಯಿಂದ ಆಡಿ ಮುಗಿಸಿ ಶಿಡ್ಲಘಟ್ಟದವನಿಗೆ 3,500ಕ್ಕೆ ದಾಟಿಸಿದ. ಅವನು ಆಡಿ ಚಿಂತಾಮಣಿಗೆ 2,500ಕ್ಕೆ ಕೊಟ್ಟ. ಚಿಂತಾಮಣಿಯವನು ಗೌರಿಬಿದನೂರಿಗೆ 1,500ಕ್ಕೆ ತಳ್ಳಿದ. ಗೌರಿಬಿದನೂರಿನವನು ‘ಗೀರು ಬಿದ್ದಿದೆ’ ಎಂದು ಬೈದುಕೊಂಡು ಇಟ್ಟುಕೊಂಡ. ಮೊದಲನೆಯವನಿಗೆ ತಗುಲಿದ್ದು 1,499, ನಡುವಿನ ಇಬ್ಬರಿಗೆ ಸಾವಿರ ಸಾವಿರ, ಕೊನೆಯವನಿಗೆ 1,500. ಕೂಡಿ ನೋಡಿ, ಸರಿಯಾಗಿ 4,999. ನಾಲ್ಕು ತಾಲ್ಲೂಕು ಸೇರಿ ಒಂದು ಆಟ ಆಡಿದವು, ಯಾರ ಮನೆಯೂ ಮುಳುಗಲಿಲ್ಲ. ಬಾಯಿಲ್ಲದ ಪೆಟ್ಟಿಗೆಯಲ್ಲಿ ಇದೇ ನಾಲ್ವರು ಇದೇ ಆಟಕ್ಕೆ ತೆರಬೇಕಾದ್ದು 19,996. ಆ ಹತ್ತು ಸಾವಿರದ ರಿಯಾಯಿತಿ ಯಾರು ಯಾರಿಗೆ ಕೊಟ್ಟದ್ದು ಎಂದು ಈಗ ಹೇಳಿ.

ಡೌನ್‌ಲೋಡ್ ಅನ್ನುವುದು ಇನ್ನೊಂದು ವ್ರತ. ದೊಡ್ಡ ಆಟವೊಂದು ನೂರು ಜಿಬಿ ತೂಗುವುದು ಈಗ ಮಾಮೂಲು. ಮನೆಗೆ ಫೈಬರ್ ಎಳೆಸಿಕೊಂಡವರು ಬಚಾವು. ಇಲ್ಲದವನು ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಇಳಿಸಲು ಕೂತರೆ 67 ದಿನ ಬೇಕು. ಶಿಡ್ಲಘಟ್ಟದ ರೇಷ್ಮೆಹುಳು ಮೊಟ್ಟೆಯಿಂದ ಹೊರಬಂದು, ನಾಲ್ಕು ಜ್ವರ ಎದ್ದು, ಹಣ್ಣಾಗಿ, ಚಂದ್ರಿಕೆ ಹತ್ತಿ ಗೂಡು ಕಟ್ಟಿ ಮಾರುಕಟ್ಟೆ ಸೇರಲು ಸುಮಾರು ಒಂದು ತಿಂಗಳು ಸಾಕು. ಇವನ ಆಟ ಇಳಿಯುವಷ್ಟರಲ್ಲಿ ಎರಡು ಬೆಳೆ ಹರಾಜಾಗಿರುತ್ತದೆ. ಗೂಡು ಕೊಂಡ ರೀಲರ್ ಅದನ್ನು ಕುದಿಸಬಹುದೇ, ನೂಲು ತೆಗೆಯಬಹುದೇ, ನೂಲನ್ನು ಇನ್ನೊಬ್ಬನಿಗೆ ಮಾರಬಹುದೇ ಎಂದು ಹುಳುವಿನ ಅಪ್ಪಣೆ ಕೇಳುವುದಿಲ್ಲ ಎಂಬುದು ಬೇರೆ ಮಾತು.

ಆಟ ಇಳಿಯಿತು. ಇನ್ನೇನು ಆಡಬೇಕು, ಅಷ್ಟರಲ್ಲಿ ‘ಒಪ್ಪುತ್ತೇನೆ’ ಎಂಬ ಗುಂಡಿ. ಅದರ ಹಿಂದೆ ಯಾರೂ ಓದದ, ಓದಲೆಂದೇ ಬರೆಯದ ಕರಾರುಪತ್ರ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಬರಿಗೈಯಲ್ಲಿ ನಡೆದೇ ಬೆಂಗಳೂರು ಸೇರಿ, ಮುಂದೆ ಕುಲಪತಿಯಾದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳದೆ ಯಾವುದನ್ನೂ ಒಪ್ಪಿಕೊಳ್ಳಬೇಡಿ ಎಂದು ಜೀವಮಾನವಿಡೀ ಹೇಳುತ್ತಾ ಹೋದರು. ಪವಾಡ ಪುರುಷರನ್ನೇ ಪರೀಕ್ಷೆಗೆ ಕರೆದವರು. ಅದೇ ತಾಲ್ಲೂಕಿನ ನಮ್ಮ ಹುಡುಗರು ಅರವತ್ತು ಪುಟದ ಕರಾರನ್ನು ಅರ್ಧ ಸೆಕೆಂಡಿನಲ್ಲಿ ಒಪ್ಪಿ ಮುಂದೆ ಹೋಗುತ್ತಾರೆ. ಮೇಷ್ಟರು ಇದ್ದಿದ್ದರೆ ಆ ಗುಂಡಿಯ ಪಕ್ಕ ‘ಯಾಕೆ?’ ಎಂಬ ಇನ್ನೊಂದು ಗುಂಡಿ ಇಡಿಸುತ್ತಿದ್ದರು.

ಓದಿದರೆ ಕಾಣುವುದು ಇಷ್ಟೇ: ನೀವು ಕೊಂಡದ್ದು ಆಟವಲ್ಲ, ಆಡುವ ಅನುಮತಿ. ಯುಬಿಸಾಫ್ಟ್ ಎಂಬ ಫ್ರೆಂಚ್ ಕಂಪನಿ ‘ದಿ ಕ್ರ್ಯೂ’ ಎಂಬ ಕಾರು ಓಟದ ಆಟ ಮಾರಿತ್ತು. 2024ರ ಮಾರ್ಚ್ 31ರಂದು ಅದರ ಸರ್ವರ್ ಮುಚ್ಚಿತು. ಡಿಸ್ಕು ಕೊಂಡವನ ಕೈಯಲ್ಲೂ ಉಳಿದದ್ದು ಲೋಟದ ಕೆಳಗಿಡಲು ಯೋಗ್ಯವಾದ ಬಿಲ್ಲೆ. ಒಬ್ಬನೇ ಕೂತು ಆಡುವ ಭಾಗವೂ ಸತ್ತಿತು. ಗೌರಿಬಿದನೂರಿನ ಭೂಕಂಪನ ಕೇಂದ್ರಕ್ಕೆ ದೂರದೇಶದ ಭೂಗರ್ಭದ ಅಣುಪರೀಕ್ಷೆಯೂ ಕೇಳಿಸುತ್ತದೆ, ಅಲ್ಲಿನ ರೇಡಿಯೊ ದೂರದರ್ಶಕ ಸೂರ್ಯನ ಗುಸುಗುಸುವನ್ನೂ ಕೇಳಿಸಿಕೊಳ್ಳುತ್ತದೆ. ಫ್ರಾನ್ಸಿನಲ್ಲಿ ಸ್ವಿಚ್ಚು ಆರಿಸುವ ಸದ್ದು ಮಾತ್ರ ಆಟ ಕೊಳ್ಳುವ ದಿನ ಯಾರಿಗೂ ಕೇಳಿಸುವುದಿಲ್ಲ. ಆ ಸರ್ವರ್ ಮುಚ್ಚುವ ಎರಡು ತಿಂಗಳ ಹಿಂದೆಯಷ್ಟೇ ಅದೇ ಕಂಪನಿಯ ಚಂದಾ ವಿಭಾಗದ ದೊಡ್ಡ ಅಧಿಕಾರಿಯೊಬ್ಬರು, ಆಟ ನಮ್ಮ ಸ್ವಂತದ್ದಲ್ಲ ಎಂಬ ಭಾವನೆಗೆ ಜನ ಒಗ್ಗಿಕೊಳ್ಳಬೇಕು ಎಂಬರ್ಥದ ಮಾತಾಡಿದ್ದರು. ವೈರಾಗ್ಯ ಬೋಧಿಸುವ ಮಠಾಧೀಶರೂ ಮೊದಲೇ ಪೂರ್ತಿ ಹಣ ಕಟ್ಟಿಸಿಕೊಂಡು ಬೋಧಿಸುವುದಿಲ್ಲ.

ಇದು ದುಡ್ಡಿದ್ದವರ ಗೋಳು, ನಮಗೇನು ಅನ್ನಬೇಡಿ. ಪೆಟ್ಟಿಗೆ ಇಲ್ಲದ ಮನೆಯಲ್ಲೂ ಫೋನಿದೆ, ಫೋನಿನಲ್ಲಿ ಪಬ್‌ಜಿ ಇತ್ತು. ಆಟ ಪುಕ್ಕಟೆ, ಒಳಗಿನ ಗೊಂಬೆಗೆ ತೊಡಿಸುವ ಅಂಗಿ, ಟೋಪಿ, ಬಂದೂಕಿನ ಬಣ್ಣಕ್ಕೆ ಕಾಸು. ತನ್ನ ಹರಿದ ಚಪ್ಪಲಿ ಹಾಕಿಕೊಂಡೇ ಗೊಂಬೆಗೆ ಹೊಸ ಬೂಟು ಕೊಡಿಸಿದ ತ್ಯಾಗಿಗಳು ನಮ್ಮಲ್ಲಿದ್ದರು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು, ಅದರಲ್ಲಿ ಇದೂ ಒಂದು. ಮರುವರ್ಷ ಬೇರೆ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಮಾಯ, 2023ರಲ್ಲಿ ಮತ್ತೆ ಪ್ರತ್ಯಕ್ಷ. ದೇಶದ ಭದ್ರತೆಗೆ ಬೇಕಿದ್ದರೆ ನಿಷೇಧಿಸಲಿ, ತಕರಾರಿಲ್ಲ. ಆದರೆ ಕೇರಂ ಬೋರ್ಡನ್ನು ನಿಷೇಧಿಸಿದರೂ ಹಲಗೆಯಾದರೂ ಮನೆಯಲ್ಲಿ ಉಳಿಯುತ್ತಿತ್ತು.

ಚಂದಾ ಪದ್ಧತಿಯನ್ನು ಅಮೆರಿಕದವರು ಕಂಡುಹಿಡಿದರು ಎಂದು ನಂಬಿದವರು ಚಿಂತಾಮಣಿ ತಾಲ್ಲೂಕಿನ ಕೈವಾರಕ್ಕೆ ಬಂದು ಬೆಟ್ಟ ಹತ್ತಬೇಕು. ಅದೇ ಏಕಚಕ್ರಪುರ, ಬಕಾಸುರ ಇದ್ದದ್ದು ಆ ಬೆಟ್ಟದಲ್ಲೇ ಎಂಬುದು ನಮ್ಮ ಕಡೆಯವರ ನಂಬಿಕೆ. ಊರಿನವರು ಸರದಿ ಪ್ರಕಾರ ಬಂಡಿ ಅನ್ನ, ಎಳೆಯುವ ಪ್ರಾಣಿ, ಹೊಡೆಯುವ ಮನುಷ್ಯ ಎಲ್ಲ ಸೇರಿಸಿ ಕಳಿಸುತ್ತಿದ್ದರು. ಕಟ್ಟುವವರೆಗೆ ನೆಮ್ಮದಿ, ತಪ್ಪಿದರೆ ಊರಿಗೇ ನುಗ್ಗುತ್ತಾನೆ. ಪ್ಲೇಸ್ಟೇಷನ್ನಿನ ಚಂದಾ ಕಟ್ಟಿ ತಿಂಗಳು ತಿಂಗಳು ‘ಉಚಿತ’ವಾಗಿ ಸೇರಿಸಿಕೊಂಡ ಆಟಗಳೂ ಅಷ್ಟೇ, ಚಂದಾ ನಿಂತ ದಿನ ಎಲ್ಲಕ್ಕೂ ಬೀಗ. ವ್ಯತ್ಯಾಸ ಒಂದೇ, ಬಕಾಸುರ ಕಾರ್ಡಿನ ನಂಬರು ನೆನಪಿಟ್ಟುಕೊಂಡು ತಾನೇ ನವೀಕರಿಸಿಕೊಳ್ಳುತ್ತಿರಲಿಲ್ಲ.

ಸೋನಿಯವರೂ ಒಂದು ಕಾಲದಲ್ಲಿ ನಮ್ಮ ಪಕ್ಷದಲ್ಲೇ ಇದ್ದರು. 2013ರಲ್ಲಿ ಮೈಕ್ರೊಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಒನ್ ತೋರಿಸುತ್ತಾ, ದಿನಕ್ಕೊಮ್ಮೆ ಇಂಟರ್‌ನೆಟ್ಟಿಗೆ ಹಾಜರಿ ಹಾಕಬೇಕು, ಹಳೆಯ ಡಿಸ್ಕು ಕೈ ಬದಲಿಸಲು ಕಟ್ಟುಪಾಡುಗಳಿವೆ ಎಂದಿತು. ನೆಟ್ ಇಲ್ಲದವರ ಗತಿ ಏನು ಎಂದರೆ, ಅವರಿಗೆ ನಮ್ಮ ಹಳೆಯ ಪೆಟ್ಟಿಗೆ ಇದೆಯಲ್ಲ ಎಂದರು ಅದರ ಮುಖ್ಯಸ್ಥರು. ಅದೇ ದಿನಗಳಲ್ಲಿ ಸೋನಿಯವರು ಒಂದು ಪುಟಾಣಿ ವಿಡಿಯೊ ಬಿಟ್ಟರು: ಆಟವನ್ನು ಹಂಚಿಕೊಳ್ಳುವುದು ಹೇಗೆ? ಶುಹೇ ಯೊಷಿಡಾ ಎಂಬ ಹಿರಿಯರು ಪಕ್ಕದಲ್ಲಿದ್ದವರ ಕೈಗೆ ಡಿಸ್ಕು ಕೊಡುತ್ತಾರೆ, ಅವರು ಥ್ಯಾಂಕ್ಸ್ ಅನ್ನುತ್ತಾರೆ. ಮುಗಿಯಿತು. ಜನ ಶಿಳ್ಳೆ ಹೊಡೆದರು, ಮೈಕ್ರೊಸಾಫ್ಟ್ ಜೂನ್ ಮುಗಿಯುವ ಮೊದಲೇ ಕಟ್ಟುಪಾಡು ಹಿಂತೆಗೆದುಕೊಂಡಿತು. ಹತ್ತು ವರ್ಷ ಕಳೆಯಿತು. ಸೋನಿಯ ಹೊಸ ತೆಳು ಪೆಟ್ಟಿಗೆಯಲ್ಲಿ ಡಿಸ್ಕಿನ ಬಾಯಿ ಕಳಚಿಡುವಂಥದ್ದು. ಬೇರೆಯಾಗಿ ಕೊಂಡು ಜೋಡಿಸಿದರೆ, ಆ ಬಾಯಿಗೂ ಆ ಪೆಟ್ಟಿಗೆಗೂ ನಂಟು ಬೆಸೆಯಲು ಒಮ್ಮೆ ಇಂಟರ್‌ನೆಟ್ಟಿನ ಒಪ್ಪಿಗೆ ಬೇಕು. ಜಾತಕ ಕೂಡಿಬಂದರೆ ಮಾತ್ರ ಬಾಯಿ ತೆರೆಯುತ್ತದೆ.

ಕಾನೂನು ಏನನ್ನುತ್ತದೆ ಅಂದಿರಾ? ಗಡಿಯಾಚೆಯ ಆಂಧ್ರ ಸರ್ಕಾರಕ್ಕೂ ಟಾಟಾ ಕನ್ಸಲ್ಟೆನ್ಸಿಗೂ ಜಗಳವಾಗಿ, ಡಿಸ್ಕಿನಲ್ಲಿ ತುಂಬಿ ಮಾರುವ ಸಿದ್ಧ ಸಾಫ್ಟ್‌ವೇರು ಸರಕೇ, ಮಾರಾಟ ತೆರಿಗೆ ಕಟ್ಟಿ ಎಂದು ಸುಪ್ರೀಂ ಕೋರ್ಟು 2004ರಲ್ಲಿ ಹೇಳಿತು. ಅಂದರೆ ತೆರಿಗೆಯವನು ಬಂದಾಗ ಅದು ಮೂಟೆ ಕಡಲೆಕಾಯಿಯಂತೆ ಸರಕು. ಅದೇ ಸರಕಿನ ಮೇಲೆ ನಮ್ಮ ಹಕ್ಕು ಕೇಳಿದಾಗ ಬರೀ ಪರವಾನಗಿ. ಕ್ಯಾಲಿಫೋರ್ನಿಯಾದವರು 2025ರ ಜನವರಿಯಿಂದ ಜಾರಿಗೆ ಬರುವಂತೆ ಕಾನೂನೇ ಮಾಡಿ, ಪರವಾನಗಿ ಕೊಡುವುದಾದರೆ ಹಾಗಂತ ನೇರವಾಗಿ ಬರೆಯಿರಿ, ಇಲ್ಲದಿದ್ದರೆ ‘ಖರೀದಿಸಿ’ ಎಂಬ ಗುಂಡಿ ಇಡಬೇಡಿ ಎಂದಿದ್ದಾರೆ. ಯುರೋಪಿನಲ್ಲಿ ಸತ್ತ ಆಟಗಳ ಪರವಾಗಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದಿವೆ. ನಮ್ಮ ರಾಜ್ಯಕ್ಕೆ ಇದು ಹೊಸ ವಿದ್ಯೆಯೇನಲ್ಲ. 1974ರಲ್ಲಿ ದೇವರಾಜ ಅರಸರ ಸರ್ಕಾರ ಗೇಣಿಯನ್ನೇ ಕಿತ್ತುಹಾಕಿ ಉಳುವವನೇ ಹೊಲದೊಡೆಯ ಎಂದಾಗ, ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ಸಾಲು ನಿಂತರು. ಆ ಗೇಣಿದಾರನ ಮೊಮ್ಮಗ ಇವತ್ತು ಪೂರ್ತಿ ಕ್ರಯದ ಹಣ ತೆತ್ತು ಆಟದ ಗೇಣಿಗೆ ಕೂತಿದ್ದಾನೆ, ಫಾರಂ ಯಾವ ನಂಬರು ಎಂದು ಹೇಳುವ ತಹಸೀಲ್ದಾರನಿಲ್ಲ.

ಎಲ್ಲ ಡಿಜಿಟಲ್ಲೂ ಪಾಪಿಯಲ್ಲ. ಹಬ್ಬದ ರಿಯಾಯಿತಿಯಲ್ಲಿ ಮುನ್ನೂರು ರೂಪಾಯಿಗೆ ಸಿಕ್ಕ ಪುಟ್ಟ ಆಟಗಳು ಎಷ್ಟೋ ಸಲ ಐದು ಸಾವಿರದ ದೊಡ್ಡಪ್ಪಂದಿರಿಗಿಂತ ಚೆನ್ನಾಗಿರುತ್ತವೆ, ಡಿಸ್ಕಿಗಾದರೆ ಇಲಿ, ಗೀರು, ತಂಗಿ ಎಂಬ ಮೂರು ಶತ್ರುಗಳು. ನನ್ನ ತಕರಾರು ಒಂದೇ: ದಾಟಿಸಲು ಬರದ ವಸ್ತುವಿಗೆ ದಾಟಿಸುವ ವಸ್ತುವಿನ ಬೆಲೆ ಯಾಕೆ?

ನಿಂಟೆಂಡೊದವರಿಗೆ ಈ ಕೊರಗು ಮುಟ್ಟಿದಂತಿದೆ. 2025ರಲ್ಲಿ ಡಿಜಿಟಲ್ ಆಟವನ್ನೂ ಸಾಲ ಕೊಡುವ ಏರ್ಪಾಡು ಮಾಡಿದ್ದಾರೆ. ಒಂದೇ ‘ಕುಟುಂಬ’ಕ್ಕೆ ಸೇರಿದವರಿಗೆ ಮಾತ್ರ, ಹದಿನಾಲ್ಕು ದಿನಕ್ಕೆ, ಅವಧಿ ಮುಗಿದರೆ ಆಟ ತಾನಾಗಿ ಮನೆಗೆ ವಾಪಸ್ಸು. ಶಿಡ್ಲಘಟ್ಟದ ಭಾವಮೈದುನನಿಗೆ ಹೇಳಿ ಮಾಡಿಸಿದ ಯಂತ್ರ. ನಿಂಟೆಂಡೊ ಪೆಟ್ಟಿಗೆಯನ್ನು ನಮ್ಮ ದೇಶದಲ್ಲಿ ಕಂಪನಿ ತಾನೇ ಮಾರುವುದಿಲ್ಲ ಎಂಬುದು ಸಣ್ಣ ಅಡ್ಡಿ. ದೊಡ್ಡ ಅಡ್ಡಿ ಬೇರೆ ಇದೆ: ಕುಟುಂಬದಲ್ಲಿ ಎಂಟೇ ಜನ ಇರಬಹುದಂತೆ. ಅತ್ತೆಯ ಮಕ್ಕಳನ್ನು ಸೇರಿಸಿದರೆ ಚಿಕ್ಕಪ್ಪನ ಮಕ್ಕಳು ಹೊರಗೆ, ಚಿಕ್ಕಪ್ಪನವರನ್ನು ಸೇರಿಸಿದರೆ ಚಿಂತಾಮಣಿಯ ಸೋದರಮಾವ ಮುನಿಸಿಕೊಂಡು ಆಸ್ತಿ ಪಾಲಿನ ಹಳೆಯ ಕಾಗದ ಹೊರತೆಗೆಯುತ್ತಾನೆ. ಜಪಾನಿನವರು ಯಾರನ್ನೂ ವಿಚಾರಿಸದೆ ಎಂಟು ಎಂದು ಬರೆದುಬಿಟ್ಟಿದ್ದಾರೆ, ಪಂಚಾಯಿತಿ ಮಾಡಲು ಬರುವವರು ಯಾರು?