ಗಲಾಪಗೋಸಿನ ಲೆನ್ಸೇಶ್ವರ

ಲೆನ್ಸೇಶ್ವರನು ಗಲಾಪಗೋಸ್ ದ್ವೀಪಗಳನ್ನು ಸುತ್ತುವ ಪ್ರವಾಸಿ ಹಡಗುಗಳಲ್ಲಿ ಕಂಡುಬರುವ ಯಾತ್ರಿಕ. ಹಡಗು ಹದಿನಾರು ಜನರದಿರಲಿ, ನೂರು ಜನರದಿರಲಿ, ಇಂಥವನೊಬ್ಬ ಇದ್ದೇ ಇರುತ್ತಾನೆ. ದೇಶ, ಭಾಷೆ ಯಾವುದೂ ಆಗಬಹುದು. ಮೊಳದುದ್ದದ ಲೆನ್ಸು, ಮೈತುಂಬ ಜೇಬಿರುವ ಅಂಗಿ, ಹಿಂದಿನಿಂದ ಚೀಲ ಹೊತ್ತು ಬರುವ ಹೆಂಡತಿ, ಇಷ್ಟಿದ್ದರೆ ಗುರುತು ತಪ್ಪುವುದಿಲ್ಲ.

ಈತನ ವಿದ್ಯೆಯೆಲ್ಲ ನಾಚುವ ಪ್ರಾಣಿಗಳ ಮೇಲೆ ಕಲಿತದ್ದು. ಪೊದೆಯಾಚೆ ಅರ್ಧ ಕಿವಿ ತೋರಿಸಿ ಮಾಯವಾಗುವ ಚಿರತೆಗೆ ಆ ಲೆನ್ಸು ಸರಿ. ಆದರೆ ಈಕ್ವೆಡಾರ್ ಕರಾವಳಿಯಿಂದ ಸುಮಾರು ಸಾವಿರ ಕಿಲೋಮೀಟರ್ ಪಶ್ಚಿಮಕ್ಕೆ, ಜ್ವಾಲಾಮುಖಿಗಳು ಸಮುದ್ರತಳದಿಂದ ಎಬ್ಬಿಸಿದ ಈ ದ್ವೀಪಗಳು ಎಂದೂ ಯಾವ ಖಂಡಕ್ಕೂ ಅಂಟಿಕೊಂಡಿದ್ದವಲ್ಲ. ದೊಡ್ಡ ಬೇಟೆಪ್ರಾಣಿಗಳು ಇಲ್ಲಿಗೆ ತಲುಪಲೇ ಇಲ್ಲ. ಮನುಷ್ಯ ಬಂದ ಮೊದಲ ದಾಖಲೆಯೇ 1535ರದು. ಹಾಗಾಗಿ ಎರಡು ಕಾಲಿನ ಮೇಲೆ ನಡೆದು ಬರುವವರಿಗೆ ಹೆದರಬೇಕೆಂಬುದು ಇಲ್ಲಿನ ಜೀವಿಗಳಿಗೆ ಗೊತ್ತಿಲ್ಲ. 1835ರಲ್ಲಿ ಡಾರ್ವಿನ್ ಒಂದು ಕಡಲ ಇಗ್ವಾನವನ್ನು ಎಷ್ಟು ಸಲ ನೀರಿಗೆಸೆದರೂ ಅದು ಈಜಿಕೊಂಡು ಅವನಿದ್ದಲ್ಲಿಗೇ ಬಂತಂತೆ. ಲೆನ್ಸೇಶ್ವರ ಈ ಕಥೆಯನ್ನು ಊಟದ ಮೇಜಿನಲ್ಲಿ ಎಲ್ಲರಿಗೂ ಹೇಳುತ್ತಾನೆ. ತಾನು ಮಾತ್ರ ಅದನ್ನು ಕೇಳಿಸಿಕೊಳ್ಳುವುದಿಲ್ಲ.

ಫರ್ನಾಂಡಿನಾ ದ್ವೀಪದಲ್ಲಿಳಿಯುವ ದಿನ ಈತ ಪೂರ್ಣ ಪ್ರಭೆಯಲ್ಲಿ ಕಾಣಿಸುತ್ತಾನೆ. ಗಲಾಪಗೋಸಿನ ಅತಿ ಚುರುಕಿನ ಜ್ವಾಲಾಮುಖಿ ಇರುವ ದ್ವೀಪವಿದು. ದಡಕ್ಕೆ ಒಯ್ಯುವ ರಬ್ಬರ್ ದೋಣಿಯಲ್ಲಿ, ಅಲ್ಲಿನವರು ಪಾಂಗಾ ಎನ್ನುವುದರಲ್ಲಿ, ಮೊದಲ ಜಾಗ ಈತನದೇ. ಲೆನ್ಸನ್ನು ಹಸುಗೂಸಿನಂತೆ ಟವೆಲಿನಲ್ಲಿ ಸುತ್ತಿ ಎದೆಗಪ್ಪಿಕೊಂಡಿರುತ್ತಾನೆ. ಹೆಂಡತಿಗೆ ತೆರೆ ಸಿಡಿದದ್ದು ಗಮನಕ್ಕೆ ಬಂದಿರುವುದಿಲ್ಲ.

ಪುಂಟಾ ಎಸ್ಪಿನೋಸಾದ ಕಪ್ಪು ಲಾವಾದ ಮೇಲೆ ಇಗ್ವಾನಗಳು ನೂರುಗಟ್ಟಲೆ, ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕು, ದಾರಿ ಬಿಟ್ಟು ಕಾಲಿಡಬಾರದು, ಫ್ಲಾಶ್ ಬೇಡ ಎಂಬುದು ರಾಷ್ಟ್ರೀಯ ಉದ್ಯಾನದ ಕಟ್ಟಳೆ. ಈತನ ಲೆನ್ಸಿಗೋ ನಾಲ್ಕು ಮೀಟರಿಗಿಂತ ಹತ್ತಿರದ್ದೆಲ್ಲ ಬರೀ ಮಬ್ಬು. ಆದ್ದರಿಂದ ಹತ್ತಿರ ಹೋಗಲೆಂದು ಅರ್ಧ ಭೂಮಂಡಲ ಸುತ್ತಿ ಬಂದವನು ಇಲ್ಲಿ ಹಿಂದೆ ಹಿಂದೆ ಸರಿಯಬೇಕಾಗುತ್ತದೆ. ಹಿಂದೆ ದಾರಿಗಡ್ಡ ಕಡಲ ಸಿಂಹ ಮಲಗಿದೆ. ಗೈಡ್ ಕೂಗುತ್ತಾಳೆ. ಬದಿಗೆ ಸರಿದರೆ ಇನ್ನೆರಡು ಇಗ್ವಾನಗಳು ಶೂ ಪಕ್ಕಕ್ಕೇ ತೆವಳಿ ಬಂದಿರುತ್ತವೆ. ಎರಡು ಮೀಟರಿನ ಕಟ್ಟಳೆಯನ್ನು ಅವಕ್ಕೆ ಯಾರೂ ಓದಿ ಹೇಳಿಲ್ಲ. ಪಾಚಿಯ ಜೊತೆ ನುಂಗಿದ ಉಪ್ಪನ್ನು ಈ ಪ್ರಾಣಿಗಳು ಮೂಗಿನಿಂದ ಸೀನಿ ಹೊರಹಾಕುತ್ತವೆ. ಅಂಥದೊಂದು ಸೀನು ಸೀದಾ ಲೆನ್ಸಿನ ಗಾಜಿಗೆ ಬೀಳುತ್ತದೆ.

ಈತ ಕೂತು ಗಾಜು ಒರೆಸುವ ಹೊತ್ತಿಗೇ ಹಾರಲಾರದ ನೀರುಕಾಗೆಯೊಂದು ನೀರಿನಿಂದೆದ್ದು, ಕೊಕ್ಕಿನಲ್ಲಿ ಕಡಲಪಾಚಿ ಹಿಡಿದು, ಗೂಡಿನಲ್ಲಿ ಕೂತ ಜೋಡಿಗೆ ಒಪ್ಪಿಸುತ್ತದೆ. ಜಗತ್ತಿನಲ್ಲಿ ಈ ಹಕ್ಕಿ ಇರುವುದು ಫರ್ನಾಂಡಿನಾ, ಇಸಬೆಲಾ ಎಂಬ ಎರಡೇ ದ್ವೀಪಗಳ ಅಂಚಿನಲ್ಲಿ. ಹೆಂಡತಿ ಚೀಲವನ್ನು ಕೆಳಗಿಟ್ಟು ಫೋನಿನಲ್ಲಿ ನಾಲ್ಕು ಚಿತ್ರ ತೆಗೆಯುತ್ತಾಳೆ. ಆಕೆಗೆ ಅದರ ಹೆಸರು ಗೊತ್ತಿಲ್ಲ. ಈತನಿಗೆ ಲ್ಯಾಟಿನ್ ಹೆಸರೂ ಗೊತ್ತು.

ಮಧ್ಯಾಹ್ನ ಎಲ್ಲರೂ ಮುಖವಾಡ ತೊಟ್ಟು ನೀರಿಗಿಳಿದರೆ ಈತ ಲೆನ್ಸಿಗೆ ಕಾವಲಾಗಿ ಡೆಕ್ಕಿನಲ್ಲಿ ಉಳಿಯುತ್ತಾನೆ. ಮರಳಿದವರು ಆಮೆಯ ಜೊತೆ ಈಜಿದ್ದನ್ನೂ ಪೆಂಗ್ವಿನ್ ಕೈಗೆ ತಾಗುವಷ್ಟು ಹತ್ತಿರ ಹಾದದ್ದನ್ನೂ ಹೇಳುವಾಗ, ಬೆಳಕು ಸರಿಯಿರಲಿಲ್ಲ ಎಂದು ಸಮಾಧಾನ ಹೇಳುತ್ತಾನೆ. ಸಮಾಧಾನ ಯಾರಿಗೆಂದು ಯಾರೂ ಕೇಳುವುದಿಲ್ಲ.

ರಾತ್ರಿ ಹಡಗು ಇಸಬೆಲಾದ ಉತ್ತರದ ತುದಿಯನ್ನು ಬಳಸುವಾಗ ಸಮಭಾಜಕ ವೃತ್ತ ದಾಟುತ್ತದೆ. ಜಿಪಿಎಸ್ ಪರದೆಯಲ್ಲಿ ಸೊನ್ನೆಗಳು ಸಾಲಾಗಿ ಮೂಡುವುದನ್ನು ನೋಡಲು ಯಾತ್ರಿಕರೆಲ್ಲ ಕ್ಯಾಪ್ಟನ್ನನ ಕೋಣೆಯಲ್ಲಿ ಸೇರುತ್ತಾರೆ. ಲೆನ್ಸೇಶ್ವರನೂ ಪೂರ್ಣ ಸಲಕರಣೆಯೊಂದಿಗೆ ಬರುತ್ತಾನೆ. ಕೋಣೆಯ ಉದ್ದ ಮೂರು ಮೀಟರ್. ಬೆನ್ನು ಗೋಡೆಗೆ ಹತ್ತಿದ ಮೇಲೆ, ತುಸು ತಗ್ಗಿದ ದನಿಯಲ್ಲಿ ಹೆಂಡತಿಯ ಫೋನು ಕೇಳುತ್ತಾನೆ. ಅದರ ಚಾರ್ಜು ನೀರುಕಾಗೆಗೇ ಮುಗಿದಿರುತ್ತದೆ.