ವಿದ್ಯಾರ್ಥಿವೇತನ ಮೀಮಾಂಸೆ ಅಥವಾ ಕಾಣೆಯಾದ ಹಣದ ಕಾಲದೇಶ ವಿಚಾರ

ಪೀಠಿಕೆ

‘ಕವಿರಾಜಮಾರ್ಗ’ ನೃಪತುಂಗನದೋ ಶ್ರೀವಿಜಯನದೋ ಎಂದು ನಮ್ಮ ವಿದ್ವಾಂಸರು ತಲೆಮಾರುಗಟ್ಟಲೆ ಕಾದಾಡಿದ್ದಾರೆ. ಪಂಪನ ಊರಿಗಾಗಿ, ಕುಮಾರವ್ಯಾಸನ ಕಾಲಕ್ಕಾಗಿ ರೀಮುಗಟ್ಟಲೆ ಕಾಗದ ಖರ್ಚಾಗಿದೆ. ಆದರೆ ಸರ್ಕಾರಿ ಪ್ರಥಮದರ್ಜೆ ಕಾಲೇಜಿನಲ್ಲಿ ಬಿ.ಎ. ಓದುವ ಹುಡುಗನಿಗೆ ಬರಬೇಕಾದ ವಿದ್ಯಾರ್ಥಿವೇತನ ಸದ್ಯ ಎಲ್ಲಿದೆ ಎಂಬ ಪ್ರಶ್ನೆಯನ್ನು ಯಾವ ಸಂಶೋಧಕನೂ ಕೈಗೆತ್ತಿಕೊಂಡಂತಿಲ್ಲ. ವಿದ್ವತ್ ಲೋಕದ ಈ ಕೊರತೆಯನ್ನು ನೀಗಿಸಲು ಪ್ರಸ್ತುತ ಪ್ರಬಂಧ ಹೊರಟಿದೆ.

ವ್ಯಾಪ್ತಿ: ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳು ಮತ್ತು ಅವುಗಳ ವ್ಯಾಪ್ತಿಯ ಸರ್ಕಾರಿ ಕಾಲೇಜುಗಳು. ಖಾಸಗಿ ವಿಶ್ವವಿದ್ಯಾಲಯಗಳನ್ನು ಕೈಬಿಡಲಾಗಿದೆ. ಅಲ್ಲಿನ ಶುಲ್ಕವನ್ನು ಅಳೆಯುವುದು ಖಗೋಳಶಾಸ್ತ್ರಜ್ಞರ ಕೆಲಸ. ಮಿತಿ: ಸರ್ವರ್ ಎದ್ದಿದ್ದ ಹೊತ್ತಿನಲ್ಲಿ ಮಾತ್ರ ಅಧ್ಯಯನ ಸಾಧ್ಯವಾಗಿದೆ.

ಅಧ್ಯಾಯ 1: ಪರಂಪರೆ

ಈ ಕ್ಷೇತ್ರದ ಆದಿಯುಗವನ್ನು ವಾರಾನ್ನ ಯುಗ ಎನ್ನಬಹುದು. ಓದುವ ಹುಡುಗನಿಗೆ ಊಟ ಸೋಮವಾರ ಒಂದು ಮನೆಯಲ್ಲಿ, ಮಂಗಳವಾರ ಇನ್ನೊಂದು ಮನೆಯಲ್ಲಿ. ಬಾಗಿಲಲ್ಲಿ ನಿಂತರೆ ಅರ್ಜಿ ಸಲ್ಲಿಸಿದಂತೆ. ಮನೆಯ ಯಜಮಾನಿ ಅಡಿಯಿಂದ ಮುಡಿಯವರೆಗೆ ನೋಡಿದರೆ ಪರಿಶೀಲನೆ. ಎಲೆ ಹಾಕಿದರೆ ಮಂಜೂರಾತಿ. ಅರ್ಜಿಯಿಂದ ಮಂಜೂರಾತಿಗೆ ಐದು ನಿಮಿಷ ಸಾಕಾಗುತ್ತಿತ್ತು. ಈ ದಾಖಲೆಯನ್ನು ಮುಂದಿನ ಯಾವ ಯುಗವೂ ಮುರಿದಿಲ್ಲ.

ಆದರೆ ಅಲ್ಲಿ ಜಾತಿ ನೋಡಿ ಎಲೆ ಹಾಕುತ್ತಿದ್ದರು. ಎಲೆ ಸಿಕ್ಕವರಿಗಿಂತ ಅಂಗಳದಾಚೆಯೇ ಉಳಿದವರು ಹೆಚ್ಚು. ಮಠಗಳ ದಾಸೋಹ, ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯಗಳು ಈ ಗೋಡೆಯನ್ನು ಅಲ್ಲಲ್ಲಿ ಕೆಡವಿದವು. ಸಿದ್ಧಗಂಗಾ ಮಠದಲ್ಲಿ ಇಂದಿಗೂ ಸಾವಿರಾರು ಮಕ್ಕಳು ಉಚಿತವಾಗಿ ಉಂಡು ಓದುತ್ತಾರೆ. 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರ ಓದು ಮತ್ತು ನೌಕರಿಯನ್ನು ಸರ್ಕಾರದ ಹೊಣೆ ಎಂದು ನೋಡಿತು. ದೇವರಾಜ ಅರಸರ ಕಾಲದಲ್ಲಿ ಹಾವನೂರು ಆಯೋಗ ಅದೇ ದಾರಿಯನ್ನು ಅಗಲ ಮಾಡಿತು. ಬಾಗಿಲಲ್ಲಿ ನಿಂತು ಬೇಡಬೇಕಾದ್ದು ಕಾಗದ ಕೊಟ್ಟು ಕೇಳಬಹುದಾದ ಹಕ್ಕಾಯಿತು. ಕಾಗದದ ಮೇಲೆ ಈ ಪ್ರಬಂಧಕಾರನಿಗೆ ಗೌರವವಿರುವುದು ಈ ಕಾರಣಕ್ಕೆ.

ಎಚ್. ನರಸಿಂಹಯ್ಯನವರು 1935ರಲ್ಲಿ ಓದುವುದಕ್ಕಾಗಿ ಗೌರಿಬಿದನೂರು ಸೀಮೆಯಿಂದ ಬೆಂಗಳೂರಿಗೆ ನಡೆದೇ ಬಂದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಇಂದಿನ ವಿದ್ಯಾರ್ಥಿಯೂ ಹೆಚ್ಚುಕಡಿಮೆ ಅಷ್ಟೇ ದೂರ ನಡೆಯುತ್ತಾನೆ. ವ್ಯತ್ಯಾಸ ಇಷ್ಟೇ: ನಾಡಕಚೇರಿ, ಬ್ಯಾಂಕು, ಕಾಲೇಜು ಆಫೀಸು ಎಂದು ಸುತ್ತಿ, ತಾಲ್ಲೂಕು ದಾಟದೆ ಆ ದೂರ ಮುಗಿಸುತ್ತಾನೆ.

ಅಧ್ಯಾಯ 2: ಪ್ರಮಾಣ ವಿಚಾರ

ನ್ಯಾಯಶಾಸ್ತ್ರ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಕಚೇರಿಶಾಸ್ತ್ರ ಮೊದಲ ಮೂರನ್ನು ನಿರಾಕರಿಸುತ್ತದೆ. ಹುಡುಗನ ಚಪ್ಪಲಿಯ ಉಂಗುಷ್ಟಕ್ಕೆ ಪಿನ್ನು ಹಾಕಿದ್ದು ಕಣ್ಣಿಗೆ ಕಾಣುತ್ತದೆ. ಪ್ರತ್ಯಕ್ಷ ಇಲ್ಲಿ ಪ್ರಮಾಣವಲ್ಲ. ಅಪ್ಪ ಕೂಲಿ ಮಾಡುತ್ತಾನೆ, ಆದ್ದರಿಂದ ಬಡವನಿರಬೇಕು; ಅನುಮಾನವೂ ಸಲ್ಲದು. ಉಳಿಯುವುದು ಶಬ್ದ ಒಂದೇ, ಅದೂ ನಾಡಕಚೇರಿಯಿಂದ ಹೊರಟ ಶಬ್ದ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ‘ಆರ್‌ಡಿ’ ಎಂದು ಶುರುವಾಗಿ ಮುಂದೆ 13 ಅಂಕಿಗಳಿರುವ ಸಂಖ್ಯೆಯೇ ಆ ಮಹಾವಾಕ್ಯ. ಇದನ್ನು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ಎಲ್ಲರ ಬಾಯಲ್ಲಿ ಎಸ್‌ಎಸ್‌ಪಿ ಎನಿಸಿಕೊಂಡದ್ದರಲ್ಲಿ, ತಪ್ಪಿಲ್ಲದೆ ಒತ್ತಿದವನು ಮಾತ್ರ ಬಡವ. ಒಂದಂಕಿ ತಪ್ಪಿದರೆ ಆ ಮಟ್ಟಿಗೆ ಅವನು ಅನುಕೂಲಸ್ಥ.

ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯುಷ್ಯ. ಒಮ್ಮೆ ಬಡವನಾದವನು ಐದು ವರ್ಷ ಕದಲುವುದಿಲ್ಲ ಎಂಬ ಗಾಢ ನಂಬಿಕೆ ಇದರ ಹಿಂದಿದೆ. ವಿಧಾನಸಭೆಯ ಅವಧಿಯೂ ಐದೇ ವರ್ಷವಿರುವುದು ಕಾಕತಾಳೀಯವೋ ಅಲ್ಲವೋ ಎಂಬುದನ್ನು ರಾಜ್ಯಶಾಸ್ತ್ರ ವಿಭಾಗಕ್ಕೆ ಬಿಡಲಾಗಿದೆ.

ಅಧ್ಯಾಯ 3: ಪಾಠಾಂತರಗಳು

ಗ್ರಂಥಸಂಪಾದನೆಯಲ್ಲಿ ಹಸ್ತಪ್ರತಿಗಳನ್ನು ಕ, ಖ, ಗ ಎಂದು ಗುರುತಿಸುವುದು ವಾಡಿಕೆ. ನಮ್ಮ ವಿದ್ಯಾರ್ಥಿಯ ಹೆಸರು ಮಂಜುನಾಥ ಎಂದಿಟ್ಟುಕೊಳ್ಳೋಣ. ಲಭ್ಯ ಪ್ರತಿಗಳಲ್ಲಿ ಅವನು ಹೀಗಿದ್ದಾನೆ:

ಕ (ಎಸ್ಸೆಸ್ಸೆಲ್ಸಿ ಅಂಕಪಟ್ಟಿ): ಮಂಜುನಾಥ ಎಚ್.
ಖ (ಆಧಾರ್): ಮಂಜುನಾಥ್ ಎಚ್ ಎಸ್
ಗ (ಪಾಸ್‌ಬುಕ್): ಎಚ್. ಎಸ್. ಮಂಜುನಾಥ
ಘ (ಜಾತಿ ಪ್ರಮಾಣಪತ್ರ): ಮಂಜುನಾಥ ಹೆಚ್ ಬಿನ್ ಸಿದ್ದಪ್ಪ

ಇವರು ನಾಲ್ವರೋ ಒಬ್ಬನೋ? ಮನೆಯವರ ಪ್ರಕಾರ ಒಬ್ಬನೇ. ತಂತ್ರಾಂಶದ ಪ್ರಕಾರ ನಾಲ್ವರು, ಅವರಲ್ಲಿ ಒಬ್ಬನೂ ಅರ್ಹನಲ್ಲ. ‘ಎಚ್’ ಸರಿಯೋ ‘ಹೆಚ್’ ಸರಿಯೋ ಎಂಬ ಕನ್ನಡಿಗರ ಹಳೆಯ ಜಗಳಕ್ಕೆ ಇಲ್ಲಿ ಮೊದಲ ಸಲ ರೂಪಾಯಿ ಲೆಕ್ಕದ ಬೆಲೆ ಬಂದಿದೆ. ಇನಿಷಿಯಲ್ ಹಿಂದಿರಬೇಕೋ ಮುಂದಿರಬೇಕೋ, ಇಂಗ್ಲಿಷಿನಲ್ಲಿ ಬರೆದಾಗ ಕೊನೆಗೊಂದು ‘ಎ’ ಇರಬೇಕೋ ಬೇಡವೋ ಎಂಬವು ಉಪಪ್ರಶ್ನೆಗಳು.

ಕ್ಲಿಷ್ಟ ಪಾಠವೇ ಮೂಲಪಾಠವಾಗಿರುವ ಸಂಭವ ಹೆಚ್ಚು ಎನ್ನುತ್ತಾರೆ ಸಂಪಾದನಾ ಶಾಸ್ತ್ರಜ್ಞರು. ಇಲ್ಲಿ ಆ ಸೂತ್ರ ನಡೆಯದು. ಅನುಭವಿಗಳ ಮತ ಇಷ್ಟು: ಕ ಪ್ರತಿಯನ್ನೇ ಮೂಲವೆಂದು ಹಿಡಿದು, ಆಧಾರ್ ಕೇಂದ್ರಕ್ಕೆ ಹೋಗಿ ಖ ಪ್ರತಿಯನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ಆಧಾರಿಗೆ ತಕ್ಕಂತೆ ಅಂಕಪಟ್ಟಿ ತಿದ್ದಿಸಲು ಹೊರಟವರು ಆ ಕೆಲಸದಲ್ಲೇ ಪಿಎಚ್.ಡಿ. ಮುಗಿಸುವಷ್ಟು ಕಾಲ ಕಳೆಯುತ್ತಾರೆ, ಪದವಿ ಮಾತ್ರ ಸಿಗುವುದಿಲ್ಲ.

ಅಧ್ಯಾಯ 4: ಕ್ಷೇತ್ರಕಾರ್ಯ

ಸ್ಥಳ: ತಾಲ್ಲೂಕು ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರ್. ಗಾಜಿನ ಮೇಲೆ ‘ಎಸ್‌ಎಸ್‌ಪಿ, ಪಾನ್, ಪಹಣಿ, ರಿಸಲ್ಟ್, ಲ್ಯಾಮಿನೇಷನ್’ ಎಂದು ಅಂಟಿಸಿದೆ. ಬಿ.ಕಾಂ. ಮೊದಲ ವರ್ಷದ ಹುಡುಗಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ದಾಖಲೆಗಳನ್ನು ಅವುಚಿಕೊಂಡು ಕೂತಿದ್ದಾಳೆ. ಒಟಿಪಿ ಹೋಗುವ, ಆಧಾರಿಗೆ ಜೋಡಿಸಿದ ನಂಬರು ಅಪ್ಪನದು. ಅಪ್ಪ ಹೊಲದಲ್ಲಿ.

“ಅಪ್ಪಾ, ಮೆಸೇಜ್ ಬಂತಾ?”

“ಟಿಂಗ್ ಅಂತು. ಕನ್ನಡಕ ಮನೇಲದೆ.”

“ಪಕ್ಕದಲ್ಲಿ ಯಾರಾದ್ರೂ ಅವ್ರಾ?”

ಫೋನು ಕೈ ಬದಲಾಗುತ್ತದೆ. ಗಾಳಿಯ ಸದ್ದು, ಎಮ್ಮೆಯ ಸದ್ದು. ಆಮೇಲೆ ಹೊಸ ಧ್ವನಿ ಗಟ್ಟಿಯಾಗಿ ಓದುತ್ತದೆ: “ಎರಡು, ಒಂಬತ್ತು, ಒಂಬತ್ತು...”

“ಮಾವ, ಅದು ರೀಚಾರ್ಜ್ ಆಫರು. ಅದರ ಮೇಲಿಂದು ಓದಿ.”

ಮೇಲಿನದನ್ನು ಓದುವಷ್ಟರಲ್ಲಿ ಸಮಯ ಮೀರಿತ್ತು. ಸೆಂಟರಿನವನು ಮತ್ತೆ ಗುಂಡಿ ಒತ್ತಿದ. ಮತ್ತೆ ಟಿಂಗ್.

ರಾಜ್ಯದ ಡಿಜಿಟಲ್ ಆಡಳಿತ ನಿಂತಿರುವುದು ಮೌಖಿಕ ಪರಂಪರೆಯ ಮೇಲೆ ಎಂಬ ಮಹತ್ವದ ತೀರ್ಮಾನಕ್ಕೆ ಈ ಕ್ಷೇತ್ರಕಾರ್ಯ ನಮ್ಮನ್ನು ತಂದಿದೆ. ಜಾನಪದ ವಿದ್ವಾಂಸರು ಗಮನಿಸಬೇಕು.

ಅಧ್ಯಾಯ 5: ಫಲಭಾಗ

ಇಷ್ಟೆಲ್ಲ ಪಡಿಪಾಟಲು ಏತಕ್ಕೆ ಎಂದು ಕೇಳುವ ಅವಸರದ ಓದುಗರಿಗಾಗಿ ಈ ಅಧ್ಯಾಯ. ಹಣ ಕಲ್ಪನೆಯಲ್ಲ, ನಿಜವಾಗಿಯೂ ಇದೆ.

ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಕೇಂದ್ರದ ನಿಯಮದಂತೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಪರಿಶಿಷ್ಟ ಜಾತಿಯವರ ಯೋಜನೆಯಲ್ಲಿ ಕೇಂದ್ರ ಶೇ 60, ರಾಜ್ಯ ಶೇ 40 ಹೊರುತ್ತವೆ. ಹಣ ಎರಡು ತುಂಡಾಗಿ ಬರಬಹುದು. ಮೊದಲ ತುಂಡು ನೋಡಿ ‘ಅರ್ಧ ಯಾರೋ ನುಂಗಿದರು’ ಎಂದು ಕೂಗುವ ಮೊದಲು ಇದನ್ನು ನೆನೆಯುವುದು ಒಳಿತು. ಇದೇ ಸಮುದಾಯಗಳ ವಿದ್ಯಾರ್ಥಿಗಳು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಪ್ರೋತ್ಸಾಹಧನ ಬೇರೆ.

ಹಿಂದುಳಿದ ವರ್ಗದವರಿಗೆ ಶುಲ್ಕ ವಿನಾಯಿತಿ ಇದೆ. ಹಾಸ್ಟೆಲ್ ಸಿಗದವರಿಗೆ ವಿದ್ಯಾಸಿರಿ: ಊಟ, ವಸತಿಗೆ ತಿಂಗಳಿಗೆ ಇಷ್ಟು ಎಂಬಂತೆ 10 ತಿಂಗಳು ನೆರವು. ಉಳಿದ ಎರಡು ತಿಂಗಳು ಹಸಿವಾಗುವುದಿಲ್ಲ ಎಂಬುದು ಇಲ್ಲಿನ ಸಿದ್ಧಾಂತ.

ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ರೈತ ವಿದ್ಯಾನಿಧಿ: ಆಗ ಗೊತ್ತುಮಾಡಿದಂತೆ ಬಿ.ಎ., ಬಿ.ಎಸ್ಸಿ., ಬಿ.ಕಾಂ.ನಂಥ ಪದವಿಗೆ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500; ಸ್ನಾತಕೋತ್ತರಕ್ಕೆ 10,000 ಮತ್ತು 11,000.  ಆದರೆ ಅಪ್ಪ ಅಥವಾ ಅಮ್ಮನ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ಬೇಕು. ಹೊಲವನ್ನು ತಾತನ ಹೆಸರಿನಿಂದ ಬಿಡಿಸಿಕೊಳ್ಳದ ಮನೆಗಳಲ್ಲಿ ಸಾಗುವಳಿ ಮಾಡುವವನು ರೈತನಲ್ಲ, ತೀರಿಕೊಂಡವನು ರೈತ. ಇದು ಅದ್ವೈತಕ್ಕೂ ನಿಲುಕದ ಸ್ಥಿತಿ.

ಪಿಯುಸಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ 20ರೊಳಗೆ ಬಂದವರಿಗೆ, ಆದಾಯ 4.5 ಲಕ್ಷದೊಳಗಿದ್ದರೆ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ವರ್ಷಕ್ಕೆ 12,000 ರೂಪಾಯಿಯ ಕೇಂದ್ರ ಯೋಜನೆಯಿದೆ. ಮೇಲಿನ ಶೇ 1ರೊಳಗೆ ಬಂದು ಮೂಲವಿಜ್ಞಾನ ಓದುವವರಿಗೆ ಇನ್‌ಸ್ಪೈರ್: ವರ್ಷಕ್ಕೆ 80,000. ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಾರ್ಮಿಕ ಇಲಾಖೆಯ ಮಂಡಳಿಯ ನೆರವಿದೆ. ಸರ್ಕಾರಿ ಶಾಲೆಗಳಲ್ಲಿ ಓದಿ ಪದವಿಗೆ ಸೇರಿದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತದೆ. ನೋಟಿಸ್ ಬೋರ್ಡಿನಲ್ಲಿ ಕ್ರಿಕೆಟ್ ಟೂರ್ನಿಯ ಪೋಸ್ಟರಿನ ಅಡಿಯಲ್ಲಿ ಅಂಟಿಸಿರುವುದು ಇವೇ.

ಅಧ್ಯಾಯ 6: ಮತತ್ರಯ

ಅರ್ಜಿ ಹೋಯಿತು, ಹಣ ಬರಲಿಲ್ಲ. ‘ಸ್ಥಿತಿ: ಪರಿಶೀಲನೆಯಲ್ಲಿದೆ.’ ಈ ಸ್ಥಿತಿಯ ಬಗ್ಗೆ ಮೂರು ದರ್ಶನಗಳಿವೆ.

ಕಾಲೇಜು ಆಫೀಸಿನದು ಅದ್ವೈತ: “ನಮ್ಮ ಕಡೆಯಿಂದ ಫಾರ್ವರ್ಡ್ ಆಗಿದೆ. ಮಿಕ್ಕದ್ದೆಲ್ಲ ಪೋರ್ಟಲಿನ ಮಾಯೆ.” ಇಲಾಖೆಯದು ವಿಶಿಷ್ಟಾದ್ವೈತ: ಅರ್ಹತೆ ನಿನ್ನದು ನಿಜ, ಆದರೆ ಅನುದಾನ ಬಿಡುಗಡೆ ಎಂಬ ಕೃಪೆ ಮೇಲಿನಿಂದ ಇಳಿಯಬೇಕು. ಬ್ಯಾಂಕಿನದು ಕಡು ದ್ವೈತ: ಖಾತೆ ಬೇರೆ, ಆಧಾರ್ ಬೇರೆ.

ಮೂರನ್ನೂ ಕೂಲಂಕಷವಾಗಿ ಪರಿಶೀಲಿಸಿದಾಗ ಈ ವಿಷಯದಲ್ಲಿ ದ್ವೈತವೇ ಸತ್ಯಕ್ಕೆ ಹತ್ತಿರ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬ್ಯಾಂಕುಗಳ ನಡುವೆ ಹಣ ದಾಟಿಸುವ ಎನ್‌ಪಿಸಿಐ ಸಂಸ್ಥೆಯ ನಕ್ಷೆಯಲ್ಲಿ ಆ ಆಧಾರಿಗೆ ಆ ಬ್ಯಾಂಕು ಜೋಡಣೆಯಾಗಿರಬೇಕು. ಆಧಾರ್ ಸೀಡಿಂಗ್ ಎನ್ನುವುದು ಇದನ್ನೇ. ಎರಡು ಮೂರು ಖಾತೆಗಳಿದ್ದರೆ ಕಟ್ಟಕಡೆಗೆ ಸೀಡಿಂಗ್ ಆದ ಬ್ಯಾಂಕಿಗೇ ಹಣ ಹೋಗುತ್ತದೆ. ಸಂತೆಯಲ್ಲಿ ಕೊಡೆಯ ಕೆಳಗೆ ಸಿಮ್ ಮಾರುತ್ತಿದ್ದವನು ಬೆರಳೊತ್ತಿಸಿಕೊಂಡು ತೆರೆದ, ನೀವು ಮರೆತೇಬಿಟ್ಟ ಖಾತೆಯಲ್ಲಿ ನಿಮ್ಮ ಎರಡು ವರ್ಷದ ವಿದ್ಯಾರ್ಥಿವೇತನ ಸುಖವಾಗಿ ನಿದ್ರಿಸುತ್ತಿರಬಹುದು. ಶೀರ್ಷಿಕೆಯ ಪ್ರಶ್ನೆಗೆ ಈ ಪ್ರಬಂಧ ಕೊಡುವ ಮುಖ್ಯ ಉತ್ತರ ಇದು.

ಅಧ್ಯಾಯ 7: ಮಿತವ್ಯಯ ಪ್ರಕರಣ

ಬರುವುದು ತಡವಾದಾಗ ಹೋಗುವುದನ್ನು ತಡೆಯಬೇಕೆಂಬುದು ಅರ್ಥಶಾಸ್ತ್ರ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಹುಡುಗರು ರಿಯಾಯಿತಿ ಪಾಸು ಮಾಡಿಸಿ ಫುಟ್‌ಬೋರ್ಡಿನಲ್ಲಿ ಸಮಾನತೆಯ ಕುರಿತು ಚಿಂತಿಸಬಹುದು. ಸರ್ಕಾರಿ ಹಾಸ್ಟೆಲಿಗೆ ಪ್ರತ್ಯೇಕ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಸೀಟು ಸಿಕ್ಕರೆ ಖರ್ಚಿನ ದೊಡ್ಡ ಪಾಲು ಅಲ್ಲೇ ಉಳಿಯಿತು. ಊರಿನಲ್ಲಿ ಇಂದಿರಾ ಕ್ಯಾಂಟೀನ್ ಇದ್ದರೆ 5 ರೂಪಾಯಿಗೆ ತಿಂಡಿ, 10ಕ್ಕೆ ಊಟ. ಪಠ್ಯಪುಸ್ತಕ ಸೀನಿಯರ್‌ಗಳಿಂದ, ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯಿಂದ. ಹಿಂದಿನ ಓದುಗ ಅಡಿಗೆರೆ ಎಳೆದಿದ್ದರೆ ಭಾಷ್ಯವೂ ಉಚಿತ. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿದಿದೆ. ಒಂದು ವರ್ಷದ ರೂಮು ಬಾಡಿಗೆ ಉಳಿಸಿದ ಶೈಕ್ಷಣಿಕ ಸುಧಾರಣೆ ಎಂದು ಇದನ್ನು ದಾಖಲಿಸಲಾಗಿದೆ.

ನಿರ್ಣಯ ಮತ್ತು ಶಿಫಾರಸು

ಮೇಲಿನ ಚರ್ಚೆಯಿಂದ ಸಿದ್ಧವಾಗುವುದೇನೆಂದರೆ, ಬಡವನ ಮಗನಿಗೆ ಪದವಿಯ ಪರೀಕ್ಷೆಗಿಂತ ತಾನು ಬಡವನೆಂದು ಸಾಬೀತು ಮಾಡುವ ಪರೀಕ್ಷೆ ಕಠಿಣ, ಮತ್ತು ಅದಕ್ಕೆ ಗೈಡು ಸಿಗುವುದಿಲ್ಲ. ಆದ್ದರಿಂದ ಎಸ್‌ಎಸ್‌ಪಿ ಅರ್ಜಿ ತುಂಬಿ ಹಣ ಪಡೆದವರಿಗೆ ವಿಶ್ವವಿದ್ಯಾಲಯಗಳು ನಾಲ್ಕು ಕ್ರೆಡಿಟ್ ಕೊಡತಕ್ಕದ್ದು. ಕನ್ನಡಕವಿಲ್ಲದ ಅಪ್ಪನಿಂದ ಒಟಿಪಿ ಪಡೆದವರಿಗೆ ಚಿನ್ನದ ಪದಕ. ಪದವಿ ಮುಗಿದರೂ ಈ ವಿದ್ಯೆ ವ್ಯರ್ಥವಾಗದು: ಕೆಲಸ ಸಿಗದಿದ್ದರೆ ಎರಡು ವರ್ಷದವರೆಗೆ ತಿಂಗಳಿಗೆ 3,000 ರೂಪಾಯಿಯ ಯುವನಿಧಿ ಇದೆ, ಅದಕ್ಕೂ ಅರ್ಜಿ ಇದೆ.

ಇನ್ನು ಅಣಕು ಬಿಟ್ಟು ಎರಡು ಮಾತು. ವಾರಾನ್ನದ ಎಲೆ ಯಜಮಾನಿಯ ಮರ್ಜಿಯಾಗಿತ್ತು. ಈ ಹಣ ಯಾರ ಮರ್ಜಿಯೂ ಅಲ್ಲ, ಬಜೆಟ್ಟಿನಲ್ಲಿ ಬರೆದಿಟ್ಟ ನಿಮ್ಮ ಪಾಲು. ಪಿಯುಸಿ ಫಲಿತಾಂಶ ಬಂದ ವಾರವೇ ನಾಡಕಚೇರಿಗೆ ಹೋಗಿ. ಆರ್‌ಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆಯಾ’ ಎಂದು ಕೇಳಬೇಡಿ, ‘ಎನ್‌ಪಿಸಿಐ ಸೀಡಿಂಗ್ ಆಗಿದೆಯಾ’ ಎಂದು ಕೇಳಿ. ಕೊನೆಯ ದಿನಾಂಕ ಹೇಗೂ ಮುಂದಕ್ಕೆ ಹೋಗುತ್ತದೆಂದು ಕೂರಬೇಡಿ. ಅರ್ಜಿಯ ಪ್ರಿಂಟ್ ತೆಗೆದು ಜೋಪಾನ ಮಾಡಿ. ನಿಮ್ಮದು ಮುಗಿದ ಮೇಲೆ ಪಕ್ಕದ ಬೆಂಚಿನವರ ಅರ್ಜಿಯನ್ನೂ ಕೂತು ತುಂಬಿಸಿ. ಅವರ ಮನೆಯಲ್ಲಿ ಇದನ್ನು ಹೇಳಿಕೊಡುವವರು ಇಲ್ಲದಿರಬಹುದು.